ಹತ್ತಬೇಡಿ ಎಂದವರು ಯಾರು?

ಬೆಟ್ಟ ಹತ್ತುವುದೇ ಭಕ್ತಿ ಎಂದು ತಿಳಿದು ಬೆಳೆದ ಜನ ನಾವು. ಶ್ರವಣಬೆಳಗೊಳದಲ್ಲಿ ಚಪ್ಪಲಿ ಕೆಳಗೇ ಬಿಟ್ಟು, ಬಿಸಿಲಿಗೆ ಕಾದ ಬಂಡೆಯ ಮೆಟ್ಟಿಲು ಹತ್ತಿದರೇ ದರ್ಶನ. ಚಾಮುಂಡಿಗೆ ಬಸ್ಸಿದೆ, ಆದರೂ ಸಾವಿರ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹೋಗುವವರ ಸಾಲು ಕರಗುವುದಿಲ್ಲ. ಆನೆಗೊಂದಿ ಹತ್ತಿರದ ಅಂಜನಾದ್ರಿ, ನಮ್ಮ ಮುಂಬಯಿಯವರಿಗೆ ಜೇಜುರಿ, ಎಲ್ಲ ಕಡೆಯೂ ಹತ್ತಿದ ದಣಿವು ಹರಕೆಯ ಒಂದು ಭಾಗ. ಹೀಗಿರುವಾಗ ‘ಇದು ಪವಿತ್ರ, ಆದ್ದರಿಂದ ಹತ್ತಬೇಡಿ’ ಎನ್ನುವುದು ನಮ್ಮಲ್ಲಿ ಬಹಳ ಜನರಿಗೆ ತಲೆಬುಡವಿಲ್ಲದ ಮಾತು. ಪವಿತ್ರವಾಗಿದ್ದರೆ ಹತ್ತಬೇಕಲ್ಲವೇ?

ನಮ್ಮಲ್ಲೇ ಕೆಲವರಿಗೆ ಮಾತ್ರ ಆ ಮಾತು ಚೆನ್ನಾಗಿ ಗೊತ್ತು. ನನ್ನ ಅಜ್ಜ ಬಾದಾಮಿ ಕಡೆಯ ಒಂದು ಹಳ್ಳಿಯವನು. ಊರ ದೇವರ ಜಾತ್ರೆಯಲ್ಲಿ ಹಲಗಿ ಬಾರಿಸುವವನು ಅವನೇ. ಅವನ ಹಲಗಿಯ ಸದ್ದು ಗರ್ಭಗುಡಿಯವರೆಗೆ ಹೋಗುತ್ತಿತ್ತು, ಅವನು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಕಟ್ಟೆಗೆ ನಾಲ್ಕೇ ಮೆಟ್ಟಿಲು. ಅಲ್ಲಿ ಬೋರ್ಡು ಗೀರ್ಡು ಏನೂ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಗೆ ಬೋರ್ಡು ಯಾಕೆ? 1972ರ ಬರದಲ್ಲಿ ಅಪ್ಪ ಊರು ಬಿಟ್ಟು ಮುಂಬಯಿಗೆ ಬಂದ, ಕುರ್ಲಾದ ಒಂದು ಕಾರ್ಖಾನೆ ಸೇರಿದ. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಬೇಸಿಗೆ ರಜೆಗೆ ಊರಿಗೆ ಹೋದಾಗ ಆ ನಾಲ್ಕು ಮೆಟ್ಟಿಲುಗಳನ್ನು ಕೆಳಗಿನಿಂದ ನೋಡಿದ್ದೇನೆ.

ಇಷ್ಟು ಹಿನ್ನೆಲೆ ಯಾಕೆ ಹೇಳಿದೆನೆಂದರೆ, 2019ರ ಜುಲೈನಲ್ಲಿ ಆಸ್ಟ್ರೇಲಿಯಾದ ನಡುಮಧ್ಯದ ಮರುಭೂಮಿಯಲ್ಲಿ, ಉಲುರು ಎಂಬ ಬಂಡೆಯ ಬುಡದಲ್ಲಿ, ‘ದಯವಿಟ್ಟು ಹತ್ತಬೇಡಿ’ ಎಂಬ ಬೋರ್ಡಿನ ಮುಂದೆ ನಿಂತಾಗ ನನ್ನ ಹೊಟ್ಟೆಯಲ್ಲಿ ಎದ್ದದ್ದು ಗೌರವವಲ್ಲ, ಸಿಟ್ಟು. ಅದು ಸರಿಯಾದ ಸಿಟ್ಟೇ ಅಲ್ಲವೇ ಎಂಬುದನ್ನು ಇಲ್ಲಿ ಬಿಡಿಸಿ ನೋಡುವ ಪ್ರಯತ್ನ ಮಾಡುತ್ತೇನೆ.

ಆಗ ನಾನು ಪ್ರಾಜೆಕ್ಟ್ ಕೆಲಸದ ಮೇಲೆ ಎಂಟು ತಿಂಗಳು ಮೆಲ್ಬರ್ನ್‌ನಲ್ಲಿದ್ದೆ. ಹೆಂಡತಿ, ಮಗಳು ರಜೆಗೆ ಬಂದಿದ್ದರು. ತಂಡದಲ್ಲಿದ್ದ ಮೈಸೂರಿನ ಗೆಳೆಯರೊಬ್ಬರ ಕುಟುಂಬದ ಜೊತೆ ಸೇರಿ ಮೂರು ದಿನದ ಪ್ರವಾಸ ಹಾಕಿಕೊಂಡೆವು. ವಿಮಾನ ಇಳಿಯುವ ಮುಂಚೆ ಕಿಟಕಿಯಿಂದ ನೋಡಿದರೆ ಗಂಟೆಗಟ್ಟಲೆ ಕೆಂಪು ನೆಲ ಬಿಟ್ಟು ಬೇರೇನಿಲ್ಲ. ಅದರ ನಡುವೆ 348 ಮೀಟರ್ ಎತ್ತರದ, ಸುತ್ತಳತೆ 9.4 ಕಿಲೋಮೀಟರ್ ಇರುವ ಒಂದೇ ಒಂದು ಕಲ್ಲು. ಬೆಟ್ಟದ ಹಾಗೆ ಬಂಡೆಗಳ ರಾಶಿಯಲ್ಲ, ಇಡೀ ಒಂದೇ ಬಂಡೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ಗಾಳಿಗೆ ತುಕ್ಕು ಹಿಡಿದು ಆ ಕೆಂಪು ಬಂದಿದೆ. ಮೊದಲ ನೋಟಕ್ಕೇ ನನಗೆ ಬಾದಾಮಿ ನೆನಪಾಯಿತು. ಅಗಸ್ತ್ಯತೀರ್ಥದ ಹಿಂದೆ ಸಂಜೆ ಬಿಸಿಲಿಗೆ ಉರಿಯುವ ಬಂಡೆಗಳದ್ದೂ ಇದೇ ಬಣ್ಣ. ಅದೂ ಮರಳುಗಲ್ಲು, ಇದೂ ಮರಳುಗಲ್ಲು. ಸಾವಿರಾರು ಮೈಲಿ ದೂರ ಹಾರಿಬಂದು ಅಜ್ಜನ ಊರಿನ ಹೊರವಲಯಕ್ಕೆ ಬಂದ ಹಾಗಾಯಿತು.

ಆ ವರ್ಷದ ಜುಲೈಯಲ್ಲಿ ಅಲ್ಲಿ ಜಾತ್ರೆ. ಅಕ್ಟೋಬರ್ 26ರಿಂದ ಬಂಡೆ ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸುವುದಾಗಿ ಮೊದಲೇ ಪ್ರಕಟಿಸಿದ್ದರು. ‘ಮುಚ್ಚುವ ಮುಂಚೆ ಹತ್ತಿಬಿಡೋಣ’ ಎಂದು ದೇಶದ ಮೂಲೆಮೂಲೆಯಿಂದ ಜನ ಕಾರು ಹತ್ತಿ ಬಂದಿದ್ದರು. ವಸತಿಗಳಲ್ಲಿ ಜಾಗವಿಲ್ಲ, ರಸ್ತೆ ಪಕ್ಕದಲ್ಲೇ ಡೇರೆ, ಎಲ್ಲೆಂದರಲ್ಲಿ ಕಸ. ಬಂಡೆಯ ಬೆನ್ನಿನ ಮೇಲೆ ಕಬ್ಬಿಣದ ಸರಪಳಿ ಹಿಡಿದು ಸಾಲಾಗಿ ಹತ್ತುವ ಜನ ದೂರದಿಂದ ಇರುವೆಗಳಂತೆ ಕಾಣುತ್ತಿದ್ದರು. ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನ ಪ್ರವಾಸಿಗರನ್ನು ‘ಮಿಂಗ’ ಎನ್ನುತ್ತಾರಂತೆ. ಮಿಂಗ ಎಂದರೆ ಇರುವೆ. ನನಗೆ ಬಹಳ ಇಷ್ಟವಾದ ಹೆಸರು. ಕುರ್ಲಾ ಸ್ಟೇಷನ್ನಿನ ಸೇತುವೆಯನ್ನು ಸಂಜೆ ಆರಕ್ಕೆ ನೋಡಿದ ಯಾರಿಗಾದರೂ ಹೊಳೆಯಬಹುದಾದ ಹೆಸರು.

ಆ ಬಂಡೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಅನಂಗು ಜನ ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಇದ್ದಾರೆ. ಅವರ ಬದುಕಿನ ಕಟ್ಟಳೆ, ಸೃಷ್ಟಿಕತೆ, ಧರ್ಮ, ನೆಲದ ನಕ್ಷೆ ಎಲ್ಲ ಸೇರಿದ್ದಕ್ಕೆ ಚುಕುರ್ಪ ಎನ್ನುತ್ತಾರೆ. ಬಂಡೆಯ ಒಂದೊಂದು ಗುಳಿ, ಒಂದೊಂದು ಸೀಳು ಅದರ ಒಂದೊಂದು ಅಧ್ಯಾಯ. 1873ರ ಜುಲೈನಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಅಲ್ಲಿಗೆ ಬಂದ. ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಹೆನ್ರಿ ಏಯರ್ಸ್ ಹೆಸರನ್ನು ಬಂಡೆಗೆ ಇಟ್ಟ, ಹತ್ತಿದ. ಅವನ ಜೊತೆ ಹತ್ತಿದವನು ಕಮ್ರಾನ್ ಎಂಬ ಒಂಟೆ ಹೊಡೆಯುವವನು. ಆ ಕಾಲದಲ್ಲಿ ಇಂಥವರನ್ನೆಲ್ಲ ಒಟ್ಟಿಗೆ ಆಫ್ಘನ್ನರು ಎನ್ನುತ್ತಿದ್ದರು. ಅವರಲ್ಲಿ ಹಲವರು ಆಗಿನ ಬ್ರಿಟಿಷ್ ಇಂಡಿಯಾದವರೇ. ಅಂತೂ ದೊರೆಗಳ ಮೊದಲ ಏರಿಕೆಯಲ್ಲಿ ನಮ್ಮ ಕಡೆಯ ಒಬ್ಬ ಕೂಲಿಯೂ ಇದ್ದ.

1958ರಲ್ಲಿ ಆ ಜಾಗವನ್ನು ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಕತ್ತರಿಸಿ ತೆಗೆದು ಪ್ರವಾಸೋದ್ಯಮಕ್ಕೆ ಕೊಟ್ಟರು. 1964ರಲ್ಲಿ ಬಂಡೆಗೆ ಕಂಬ ಹೊಡೆದು ಸರಪಳಿ ಹಾಕಿದರು. ಅದೇ ದೇಶದ ಜನಗಣತಿಯಲ್ಲಿ ಮೂಲನಿವಾಸಿಗಳನ್ನೂ ಪೂರ್ತಿ ಲೆಕ್ಕಕ್ಕೆ ಹಿಡಿಯಬೇಕೆಂದು ಸಂವಿಧಾನ ತಿದ್ದಿದ್ದು 1967ರಲ್ಲಿ. ಅಂದರೆ ಹತ್ತುವವರಿಗೆ ಸರಪಳಿ ಮೊದಲು ಬಂತು, ಮನೆಯ ಒಡೆಯರು ಎಣಿಕೆಗೆ ಬಂದದ್ದು ಆಮೇಲೆ. 1983ರಲ್ಲಿ ಪ್ರಧಾನಿ ಬಾಬ್ ಹಾಕ್ ಭೂಮಿಯನ್ನು ವಾಪಸು ಕೊಡುತ್ತೇವೆ, ಹತ್ತುವುದನ್ನೂ ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟರು. 1985ರ ಅಕ್ಟೋಬರ್ 26ರಂದು ಭೂಮಿಯ ಹಕ್ಕುಪತ್ರ ಕೈಗೆ ಬಂತು. ಆದರೆ ಒಂದು ಷರತ್ತು: 99 ವರ್ಷದ ಗುತ್ತಿಗೆಗೆ ಅದನ್ನು ಸರ್ಕಾರಕ್ಕೇ ಮರಳಿ ಕೊಡಬೇಕು. ಹತ್ತುವುದು ಮುಂದುವರಿಯಿತು. ಹೀಗಾಗಿ ಒಡೆಯರ ಕೈಯಲ್ಲಿ ಉಳಿದದ್ದು ‘ದಯವಿಟ್ಟು’ ಎಂಬ ಒಂದು ಪದ. 34 ವರ್ಷ ಅವರು ಆ ಪದವನ್ನೇ ಬಳಸಿದರು. 1990ರ ದಶಕದಲ್ಲಿ ಬಂದವರಲ್ಲಿ ಮುಕ್ಕಾಲಿನಷ್ಟು ಜನ ಹತ್ತುತ್ತಿದ್ದರು. 2015ರ ಹೊತ್ತಿಗೆ ಅದು ಐದರಲ್ಲಿ ಒಬ್ಬರಿಗಿಂತ ಕಡಿಮೆಯಾಯಿತು. 2017ರ ನವೆಂಬರ್ 1ರಂದು ಉದ್ಯಾನದ ಆಡಳಿತ ಮಂಡಳಿ ಒಮ್ಮತದಿಂದ ಮುಚ್ಚುವ ತೀರ್ಮಾನ ಮಾಡಿತು. ಮಂಡಳಿಯ 12 ಜನರಲ್ಲಿ 8 ಮಂದಿ ಅನಂಗು ಕಡೆಯವರು.

ಇದನ್ನೆಲ್ಲ ನಾನು ಓದಿಕೊಂಡೇ ಹೋಗಿದ್ದೆ. ಆದರೂ ಸಿಟ್ಟು ಬಂತು ಎಂದೆನಲ್ಲ, ಓದು ಬೇರೆ, ಹೊಟ್ಟೆ ಬೇರೆ.

ಆ ಬೆಳಿಗ್ಗೆ ಗಾಳಿ ಜೋರಾಗಿದ್ದರಿಂದ ಹತ್ತುವ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದರು. ಎಲ್ಲರೂ ಜಾಕೆಟ್ಟಿನೊಳಗೆ ಕೈ ಇಟ್ಟುಕೊಂಡು ಕಾಯುತ್ತಿದ್ದೆವು. ಗೆಳೆಯರು ಒಳ್ಳೆಯ ಮನುಷ್ಯ, ಓದಿಕೊಂಡವರು. ಅವರು ಹತ್ತುವವರಿದ್ದರು. ನಾನು ಬೋರ್ಡಿನ ಮುಂದೆಯೇ ನಿಂತದ್ದನ್ನು ನೋಡಿ ಕೇಳಿದರು: “ಯಾಕ್ರೀ, ಹತ್ತೋದಿಲ್ವಾ? ಕಲ್ಲಿಗೆ ಯಾರ್ರೀ ಒಡೆಯರು? ಪ್ರಕೃತಿ ಎಲ್ಲರದ್ದು. ದೇವರ ಹೆಸರು ಹೇಳಿ ಇಲ್ಲಿಗೆ ಬರಬೇಡ, ಅಲ್ಲಿಗೆ ಹೋಗಬೇಡ ಅನ್ನೋದನ್ನ ನಿಮ್ಮ ಅಂಬೇಡ್ಕರೇ ವಿರೋಧಿಸಿದ್ರಲ್ವಾ?”

‘ನಿಮ್ಮ’ ಎಂಬ ಪದವನ್ನು ಅವರು ಬೇಕೆಂದು ಹೇಳಿದ್ದಲ್ಲ. ಅದನ್ನು ಅಲ್ಲೇ ಬಿಡೋಣ. ಆದರೆ ಪ್ರಶ್ನೆ ಸುಲಭದ್ದಲ್ಲ. ‘ಪವಿತ್ರ’ ಎಂಬ ಪದವನ್ನು ಬೇಲಿಯಾಗಿ ಬಳಸಿದ್ದನ್ನು ಮೂರು ತಲೆಮಾರು ಕಂಡ ಮನೆಯವನು ನಾನು. ಆ ಪದ ಕೇಳಿದರೇ ಅನುಮಾನ ಪಡಬೇಕಾದವನು. ಊರಿನ ಕಟ್ಟೆಯ ಬೇಲಿ ತಪ್ಪು, ಮರುಭೂಮಿಯ ಬೇಲಿ ಸರಿ ಎನ್ನಬೇಕಾದರೆ ನನ್ನ ಬಳಿ ಕಾರಣ ಇರಬೇಕು. ದೂರದ ದೇಶದ ಬುಡಕಟ್ಟಿನ ನಂಬಿಕೆ ಎಂದರೆ ಗೌರವ, ನಮ್ಮೂರ ಗೌಡರ ನಂಬಿಕೆ ಎಂದರೆ ಕೇಸು ಎನ್ನುವುದು ಫ್ಯಾಷನ್ ಆದೀತು, ನ್ಯಾಯವಾಗುವುದಿಲ್ಲ.

ಗಾಳಿ ತಗ್ಗುವವರೆಗೆ ಕುರ್ಲಾಕ್ಕೆ ಫೋನು ಮಾಡಿದೆ. ಅಪ್ಪನಿಗೆ ಆಗ ಇನ್ನೂ ಬೆಳಗಿನ ಚಹಾದ ಹೊತ್ತು. ವಿಡಿಯೊದಲ್ಲಿ ಬಂಡೆ ತೋರಿಸಿದೆ. “ಯವ್ವಾ, ನಮ್ಮ ಗುಡ್ಡಾನ ಇದ್ದಂಗ ಐತಲ್ಲೋ” ಎಂದ. ಬೋರ್ಡಿನ ವಿಷಯ, ಗೆಳೆಯರು ಹೇಳಿದ ಮಾತು ಎರಡನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

“ಅಲ್ಲೋ ತಮ್ಮಾ, ಅಲ್ಲಿ ನಿನ್ನ ಹೆಸರು, ಓಣಿ ಯಾರರ ಕೇಳಿದರೇನು?”

“ಇಲ್ಲಪ್ಪಾ. 25 ಡಾಲರ್ ಟಿಕೆಟ್ ತಗೊಂಡ್ರು. ಹೆಸರು ಯಾರೂ ಕೇಳಲಿಲ್ಲ.”

“ಮತ್ತ ಆ ಬಿಳಿ ಮಂದಿಗೂ ಹತ್ತಬ್ಯಾಡ ಅಂತ ಹೇಳ್ಯಾರ?”

“ಎಲ್ಲಾರಿಗೂ.”

“ಹಂಗಾದ್ರ ಅದು ಬ್ಯಾರೇ ಬಿಡು” ಎಂದು ಅಪ್ಪ ಚಹಾ ಆರುತ್ತದೆ ಎಂದು ಫೋನಿಟ್ಟ.

ಅಂದಿನಿಂದ ನಾನು ಅಪ್ಪನ ಈ ‘ಬೇರೆ’ ಎಂಬುದನ್ನು ಹಿಡಿದು ಯೋಚಿಸುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಯಾವ ಸಿಸ್ಟಂ ಕಟ್ಟಿದರೂ ಮೊದಲು ಬರುವ ಪ್ರಶ್ನೆ, ಯಾರಿಗೆ ಎಲ್ಲಿ ಪ್ರವೇಶ ಎಂಬುದು. ಒಬ್ಬ ಬಳಕೆದಾರನಿಗೆ ಬಾಗಿಲು ಮುಚ್ಚುವುದಕ್ಕೆ ಎರಡು ದಾರಿಗಳಿವೆ. ಒಂದು, ‘ಈ ಕೆಲಸವನ್ನು ಇಲ್ಲಿ ಯಾರೂ ಮಾಡುವಂತಿಲ್ಲ.’ ಇನ್ನೊಂದು, ‘ನೀನು ಮಾಡುವಂತಿಲ್ಲ.’ ಪರದೆಯ ಮೇಲೆ ಎರಡಕ್ಕೂ ಒಂದೇ ಕೆಂಪು ಸಂದೇಶ ಬರುತ್ತದೆ, ಒಳಗಿನ ಲೆಕ್ಕ ಪೂರ್ತಿ ಬೇರೆ. ಎರಡನೆಯ ಬಗೆಯಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಅಜ್ಜನ ಕಟ್ಟೆಯ ವಿಚಾರದಲ್ಲಿ ಅರ್ಜಿ ಹಾಕುವ ಜಾಗವೇ ಇರಲಿಲ್ಲ, ಹುಟ್ಟಿದಾಗಲೇ ಮುಗಿದ ಮಾತು.

ಗೆಳೆಯರು ಅಂಬೇಡ್ಕರ್ ಹೆಸರು ಎತ್ತಿದ್ದರಿಂದ ಮಹಾಡಕ್ಕೆ ಹೋಗಲೇಬೇಕು. ನಿಜವಾಗಿಯೂ ಹೋಗಿಬಂದೆವು, ಭಾರತಕ್ಕೆ ಮರಳಿದ ಮೇಲೆ ಒಂದು ಭಾನುವಾರ, ಗೋವಾ ಹೆದ್ದಾರಿಯ ಗುಂಡಿಗಳನ್ನು ಎಣಿಸುತ್ತ. ಮುಂಬಯಿ ಶಾಸನಸಭೆ 1923ರಲ್ಲೇ, ಎಸ್. ಕೆ. ಬೋಲೆಯವರ ನಿರ್ಣಯದಂತೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಹೇಳಿತ್ತು. ಮಹಾಡದ ಪುರಸಭೆ ಮರುವರ್ಷ ಚವದಾರ ಕೆರೆಯನ್ನು ತೆರೆದದ್ದಾಗಿ ಕಾಗದದಲ್ಲಿ ಬರೆಯಿತು. ಆದರೆ ಕಾಗದದ ಮೇಲಿನ ನೀರು ಯಾರೂ ಕುಡಿಯಲಾರರು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಮೆರವಣಿಗೆಗೆ ಬಂದವರ ಮೇಲೆ ಹಲ್ಲೆಯಾಯಿತು, ಕೆರೆಯನ್ನು ಪಂಚಗವ್ಯ ಸುರಿದು ‘ಶುದ್ಧ’ ಮಾಡಿದರು. ಆಮೇಲೆ ಕೋರ್ಟು. ಹೈಕೋರ್ಟಿನಲ್ಲಿ ದಲಿತರ ಪರ ತೀರ್ಪು ಬಂದದ್ದು 1937ರಲ್ಲಿ, ಹತ್ತು ವರ್ಷದ ನಂತರ.

ಆ ಕೆರೆಯಲ್ಲಿ ಮುಸಲ್ಮಾನರು, ಕ್ರೈಸ್ತರು ನೀರು ತುಂಬುತ್ತಿದ್ದರು. ದನ ಎಮ್ಮೆ ಕುಡಿಯುತ್ತಿದ್ದವು. ಅಂದರೆ ಕೆರೆಯ ಪಾವಿತ್ರ್ಯಕ್ಕೆ ಎಮ್ಮೆಯಿಂದ ಧಕ್ಕೆಯಿರಲಿಲ್ಲ. ಒಂದು ಬಗೆಯ ಮನುಷ್ಯನಿಂದ ಮಾತ್ರ ಇತ್ತು. ಅಲ್ಲಿ ಕಾಯುತ್ತಿದ್ದದ್ದು ನೀರನ್ನಲ್ಲ. ಇದು ಹಳೆಯ ಕಾಲದ ಮಾತು ಎಂದು ಯಾರಾದರೂ ಅನ್ನುವುದಾದರೆ 2021ರ ಸೆಪ್ಟೆಂಬರ್ ನೆನಪಿಸಿಕೊಳ್ಳಲಿ: ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಮಳೆ ಬಂತೆಂದು ಎರಡು ವರ್ಷದ ದಲಿತ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು. ಶುದ್ಧೀಕರಣದ ಖರ್ಚೆಂದು 25 ಸಾವಿರ ರೂಪಾಯಿ ದಂಡ ಕೇಳಿದರು. ಪೊಲೀಸರು ಬಂದರು, ಬಂಧನವೂ ಆಯಿತು. ಎರಡು ವರ್ಷದ ಮಗು ಏನು ಮಾಡೀತು ಗುಡಿಯಲ್ಲಿ? ಅದು ಏನನ್ನೂ ಮಾಡಬೇಕಿರಲಿಲ್ಲ. ಅದು ಆಗಿದ್ದದ್ದೇ ಅಪರಾಧ.

ಉಲುರುವಿನ ಬೋರ್ಡು ನನ್ನ ಮೈಯ ಬಗ್ಗೆ ಏನೂ ಹೇಳಿರಲಿಲ್ಲ. ಹತ್ತುವ ದಾರಿ ಅವರ ಪೂರ್ವಜರಾದ ಮಾಲ ಜನ ಮೊದಲು ಬಂದಾಗ ಹತ್ತಿದ ದಾರಿ. (ಮಾಲ ಎಂದರೆ ಅಲ್ಲಿ ಒಂದು ಪುಟ್ಟ ಕಾಂಗರೂ ಜಾತಿಯ ಪ್ರಾಣಿ. ತೆಲುಗು ಗಡಿಯ ನಮ್ಮವರಿಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತ. ಓದಿದಾಗ ನಾನು ಒಂದು ಕ್ಷಣ ಬೆಚ್ಚಿದ್ದು ನಿಜ.) ಅದರ ಜೊತೆ ಇನ್ನೊಂದು ಕಾರಣವನ್ನೂ ಅವರು ಹೇಳಿದ್ದರು: ನಮ್ಮ ನೆಲಕ್ಕೆ ಬಂದವರ ಯೋಗಕ್ಷೇಮ ನಮ್ಮ ಹೊಣೆ. ಆ ಬಂಡೆಯ ಮೇಲೆ ಕನಿಷ್ಠ 37 ಜನ ಸತ್ತಿದ್ದಾರೆ, ಹೆಚ್ಚಿನವರು ಎದೆನೋವಿನಿಂದ, ಕೆಲವರು ಜಾರಿಬಿದ್ದು. ಪ್ರತಿ ಸಾವಿಗೂ ಅನಂಗು ಜನ ಸೂತಕದ ಹಾಗೆ ದುಃಖಪಡುತ್ತಾರೆ. ಸತ್ತವನು ಯಾರೋ ಅಪರಿಚಿತ, ಅವರ ಮಾತು ಕೇಳದೆ ಹತ್ತಿದವನು, ಆದರೂ.

ಇದು ನನ್ನನ್ನು ನಿಲ್ಲಿಸಿದ ಸಂಗತಿ. ಊರಿನ ಕಟ್ಟೆ ನನ್ನ ಅಜ್ಜನಿಂದ ತನ್ನನ್ನು ಕಾಪಾಡಿಕೊಳ್ಳುತ್ತಿತ್ತು. ಈ ಬಂಡೆಯವರು ಬಂಡೆಯ ಜೊತೆ ನನ್ನನ್ನೂ ಕಾಪಾಡುವ ಮಾತಾಡುತ್ತಿದ್ದಾರೆ. ಹೊರಗಿನವನನ್ನು ಕೊಳೆ ಎಂದು ನೋಡುವುದು ಒಂದು, ಬಂದ ನೆಂಟ ಎಂದು ನೋಡುವುದು ಇನ್ನೊಂದು. ನೆಂಟನಿಗೂ ಮನೆಯಲ್ಲಿ ‘ಅಲ್ಲಿಗೆ ಬೇಡಪ್ಪಾ’ ಎನ್ನುವ ಒಂದು ಕೋಣೆ ಇರುತ್ತದೆ, ಅದರಲ್ಲಿ ಅವಮಾನವಿಲ್ಲ. ಕೊಡಗಿನ ದೇವರಕಾಡುಗಳಲ್ಲಿ ಮರ ಕಡಿಯುವಂತಿಲ್ಲ ಎಂದರೆ ಯಾರ ಕೊಡಲಿಗೂ ಇಲ್ಲ. ಕಟ್ಟಳೆ ಮಾಡಿದವರೇ ಮೊದಲು ಅದನ್ನು ಹೊರುತ್ತಾರೆ. ನಮ್ಮೂರ ಕಟ್ಟೆಯಲ್ಲಿ ಕಟ್ಟಳೆ ಮಾಡಿದವರು ಮೇಲೆ ಕೂತಿದ್ದರು.

ಇಲ್ಲಿಗೆ ನಾನು ಗೆದ್ದೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಒಪ್ಪಲಿಲ್ಲ. ಕಲಬುರಗಿಯವಳು, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಸೂತ್ರ ಕೊಟ್ಟರೆ ಮೊದಲು ಅದು ಎಲ್ಲಿ ಮುರಿಯುತ್ತದೆ ಎಂದೇ ನೋಡುವವಳು. ನಾವು ಮೂವರೂ ಬಂಡೆಯ ಸುತ್ತ ನಡೆಯುತ್ತಿದ್ದೆವು. ಹತ್ತದವರಿಗೆ ಇರುವ ದಾರಿ ಅದು, ಹತ್ತು ಕಿಲೋಮೀಟರ್ ಚಿಲ್ಲರೆ. ಹೇಳುತ್ತೇನೆ, ಯಾರಾದರೂ ಹೋದರೆ ಅದನ್ನು ಪೂರ್ತಿ ನಡೆಯಿರಿ. ಒಂದು ಕಡೆ ಸಣ್ಣ ಮಡು, ಅದರ ದಡದಲ್ಲಿ ನಮ್ಮ ಹತ್ತಿಯ ಹೊಲದ ಬದುವಿನಷ್ಟು ಹಸಿರು, ಮೇಲೆ ಗವಿಗಳಲ್ಲಿ ಕೆಮ್ಮಣ್ಣಿನ ಚಿತ್ರ. ಅಲ್ಲಲ್ಲಿ ಫೋಟೊ ತೆಗೆಯಬೇಡಿ ಎಂಬ ಸೂಚನೆ ಬರುತ್ತದೆ. ಅಲ್ಲಿಯ ಕಲ್ಲಿನ ವಿವರಗಳು ಧರ್ಮಗ್ರಂಥಕ್ಕೆ ಸಮ, ಇದ್ದಲ್ಲೇ ನೋಡಬೇಕು, ಹೊತ್ತುಕೊಂಡು ಹೋಗಬಾರದು ಎಂಬ ಅರ್ಥದ ಮಾತು. ಆ ಜಾಗಗಳಲ್ಲಿ ಕೆಲವು ಅನಂಗು ಗಂಡಸರಿಗೆ ಮಾತ್ರ ಸೇರಿದವು, ಕೆಲವು ಹೆಂಗಸರಿಗೆ ಮಾತ್ರ.

“ನೋಡಿದ್ರಾ?” ಎಂದಳು. “ನಿಮ್ಮ ಅಪ್ಪ ಕೇಳಿದ್ದು ಸರಿ, ಆದ್ರ ಉತ್ತರ ಪೂರ್ತಿ ಅಲ್ಲ. ಇಲ್ಲೂ ಹುಟ್ಟು ಕೇಳ್ತಾರ. ಗಂಡೋ ಹೆಣ್ಣೋ ಅಂತ ಕೇಳ್ತಾರ.”

ಅವಳಿಗೆ ಈ ವಿಷಯ ಓದಿದ್ದಲ್ಲ, ಅನುಭವದ್ದು. 2016ರಲ್ಲಿ ಶನಿ ಶಿಂಗ್ಣಾಪುರದ ಕಟ್ಟೆ ಹೆಂಗಸರಿಗೆ ತೆರೆದಾಗ, ಅದೇ ವರ್ಷ ಆಗಸ್ಟ್ 26ರಂದು ಹಾಜಿ ಅಲಿ ದರ್ಗಾದ ಒಳಗೂ ಹೆಂಗಸರನ್ನು ಬಿಡಬೇಕೆಂದು ಮುಂಬಯಿ ಹೈಕೋರ್ಟ್ ಹೇಳಿದಾಗ ಅವಳು ಶಾಲೆಯಲ್ಲಿ ಪೇಢೆ ಹಂಚಿದ್ದಳು. ಅನಂಗು ಜನರಲ್ಲಿ ಗಂಡಸರಿಗೂ ಹೋಗಬಾರದ ಜಾಗಗಳಿವೆ, ಹೆಂಗಸರಿಗೂ ಇವೆ, ಅದು ಸಮನಲ್ಲವೇ ಎಂದೆ. “ಸಮ ಅಂತ ಅಳೆದು ನೋಡಿದವರು ಯಾರು?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ಅನಂಗು ಹೆಂಗಸರೊಬ್ಬರು ತಮ್ಮ ಕಟ್ಟಳೆಯ ಬಗ್ಗೆ ತಕರಾರು ತೆಗೆದರೆ ಅದನ್ನು ಆಲಿಸಬೇಕಾದ್ದು ಅವರ ಜನ, ಟಿಕೆಟ್ ಕೊಂಡು ಮೂರು ದಿನಕ್ಕೆ ಬಂದ ನಾನು ತೀರ್ಪು ಕೊಡಲಾರೆ. ಹಾಗೆಂದು ನನ್ನ ಹೆಂಡತಿಯ ಪ್ರಶ್ನೆ ತಪ್ಪಾಗುವುದಿಲ್ಲ. ಒಳಗಿನವರ ತಕರಾರಿಗೆ ಜಾಗವಿದೆಯೇ ಎಂಬುದನ್ನು ಯಾವ ಪಾವಿತ್ರ್ಯಕ್ಕಾದರೂ ಕೇಳಲೇಬೇಕು. ಅಜ್ಜನೂ ನಮ್ಮೂರಿನ ಒಳಗಿನವನೇ ಆಗಿದ್ದನಲ್ಲ. ಅವನ ಹಲಗಿಯಿಲ್ಲದೆ ತೇರು ಕದಲುತ್ತಿರಲಿಲ್ಲ.

ಗೆಳೆಯರು ಮಧ್ಯಾಹ್ನ ಇಳಿದು ಬಂದರು. ಅಂಗೈ ಕೆಂಪಾಗಿತ್ತು, ಮುಖ ಅರಳಿತ್ತು. ಮೇಲಿನಿಂದ ಕಂಡದ್ದು ಜೀವಮಾನದ ನೋಟ ಎಂದರು, ಇರಬಹುದು. ಅವರನ್ನು ನಾನು ಕೆಟ್ಟವರೆನ್ನುವುದಿಲ್ಲ. ಆಗ ಅದು ಕಾನೂನಿನ ಪ್ರಕಾರ ನಿಷೇಧವೂ ಆಗಿರಲಿಲ್ಲ. ಆದರೆ ಅವರ ವಾದದ ಒಂದು ಭಾಗ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ‘ಪ್ರಕೃತಿ ಎಲ್ಲರದ್ದು’ ಎಂಬ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ನೋಡಿ. ಮಹಾಡದಲ್ಲಿ ಆ ಮಾತನ್ನು ಹೇಳಿದವರು ಬಾಯಾರಿದವರು, ಕೇಳಿಸಿಕೊಳ್ಳಬೇಕಾಗಿದ್ದವರು ಕೆರೆಯನ್ನು ಹಿಡಿದು ಕೂತವರು. ಉಲುರುವಿನಲ್ಲಿ ಅದೇ ಮಾತನ್ನು ಎಲ್ಲವನ್ನೂ ಪಡೆದವರು ಎಲ್ಲವನ್ನೂ ಕಳಕೊಂಡವರಿಗೆ ಹೇಳುತ್ತಿದ್ದಾರೆ. ನೀರು ಬೇಕಾದದ್ದು, ನೋಟ ಆಸೆಪಟ್ಟದ್ದು. ಅಂಬೇಡ್ಕರ್ ಕೂಡ ಮಹಾಡಕ್ಕೆ ಹೋದದ್ದು ಬರೀ ನೀರಿಗಲ್ಲ, ನಾವೂ ಮನುಷ್ಯರೇ ಎಂದು ಸ್ಥಾಪಿಸಲು ಎಂಬರ್ಥದಲ್ಲಿ ಹೇಳಿದ್ದರು. ಬಂಡೆ ಹತ್ತದೆ ಇಳಿದ ಯಾರ ಮನುಷ್ಯತ್ವಕ್ಕೂ ಏನೂ ಕೊರತೆಯಾಗುವುದಿಲ್ಲ. ‘ದಯವಿಟ್ಟು’ ಎಂದವರ ಎದುರಿಗೇ ಹತ್ತಿಹೋದಾಗ ಅವರ ಮನುಷ್ಯತ್ವಕ್ಕೆ ಆಗುತ್ತದೆ. ಮಂಡಳಿಯ ಅಧ್ಯಕ್ಷರಾಗಿದ್ದ ಸ್ಯಾಮಿ ವಿಲ್ಸನ್ ಇದು ಡಿಸ್ನಿಲ್ಯಾಂಡಿನ ಹಾಗೆ ಆಟದ ಜಾಗವಲ್ಲ ಎಂದು ಹೇಳಬೇಕಾಗಿ ಬಂತು. ತನ್ನ ಮನೆಯ ಬಗ್ಗೆ ಒಬ್ಬ ಮನುಷ್ಯ ಹೀಗೆ ವಿವರಿಸಬೇಕಾದ್ದೇ ಒಂದು ಅವಮಾನ.

ಸೆಪ್ಟೆಂಬರಿನಲ್ಲಿ ನಾವು ಕುರ್ಲಾಕ್ಕೆ ಮರಳಿದೆವು. ಅಕ್ಟೋಬರ್ 4ರ ರಾತ್ರಿ ಆರೇ ಕಾಲನಿಯಲ್ಲಿ ಮೆಟ್ರೊ ಶೆಡ್ಡಿಗಾಗಿ ಮರ ಕಡಿಯಲು ಶುರು ಮಾಡಿದರು. ಸುಪ್ರೀಂ ಕೋರ್ಟ್ 7ರಂದು ತಡೆಯುವ ಹೊತ್ತಿಗೆ 2 ಸಾವಿರಕ್ಕೂ ಹೆಚ್ಚು ಮರ ಬಿದ್ದಿದ್ದವು. ಆ ಕಾಡಿನಲ್ಲಿ ವಾರ್ಲಿಗಳ ಪಾಡಾಗಳಿವೆ, ಅವರು ಪೂಜಿಸುವ ವಾಘೋಬನ ಕಲ್ಲುಗಳಿವೆ. ಅದೇ ತಿಂಗಳ 26ಕ್ಕೆ ಅಲ್ಲಿ ಉಲುರು ಮುಚ್ಚಿತು. ಇಪ್ಪತ್ತೆರಡು ದಿನಗಳ ಅಂತರ. ದೂರದ ದೇಶದ ಮೂಲನಿವಾಸಿಗಳ ಗೆಲುವಿನ ವಿಡಿಯೊ ನಮ್ಮ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತು, ಬಹಳ ಜನ ಕೈ ಮುಗಿದ ಚಿಹ್ನೆ ಹಾಕಿದರು. ಆರೇ ವಿಷಯ ಬಂದಾಗ ಅದೇ ಗುಂಪಿನಲ್ಲಿ ‘ಅಭಿವೃದ್ಧಿ ಬೇಡವೇ?’ ಎಂಬ ಚರ್ಚೆ. 2024ರ ಅಕ್ಟೋಬರಿನಿಂದ ಆ ಮೆಟ್ರೊ ಓಡುತ್ತಿದೆ, ಬಿಕೆಸಿಯಿಂದ ನಾನೂ ಅದರಲ್ಲೇ ಕಚೇರಿಗೆ ಹೋಗುತ್ತೇನೆ. ತಂಪಾಗಿದೆ, ಸಮಯಕ್ಕೆ ಬರುತ್ತದೆ. ನಾವು ವಲಸೆ ಬಂದವರು ಈ ಊರಿನಲ್ಲಿ ಯಾರ ‘ದಯವಿಟ್ಟು’ವನ್ನು ದಾಟಿ ಮನೆ ಕಟ್ಟಿಕೊಂಡಿದ್ದೇವೆ ಎಂಬುದಕ್ಕೆ ಇಲ್ಲಿ ಬೋರ್ಡುಗಳಿಲ್ಲ, ಅಷ್ಟೆ. ಕೋಳಿಗಳನ್ನು, ವಾರ್ಲಿಗಳನ್ನು ಕೇಳಿ ಯಾರೂ ಕುರ್ಲಾಕ್ಕೆ ಬಂದದ್ದಲ್ಲ. ಅಪ್ಪನೂ ಬರದಿಂದ ಓಡಿ ಬಂದವನು. ಬಾಯಾರಿ ಬಂದವನಿಗೂ ನೋಟಕ್ಕೆ ಬಂದವನಿಗೂ ಇರುವ ವ್ಯತ್ಯಾಸ ಇಲ್ಲಿ ನನ್ನ ಒಂದೇ ಮನೆಯೊಳಗಿದೆ. ಅಪ್ಪ ಬಂದದ್ದು ಮೊದಲನೆಯ ಬಗೆ. ಮೂರು ಕೋಣೆಯ ಫ್ಲ್ಯಾಟಿನ ಬಾಲ್ಕನಿಯಿಂದ ಮೀಠಿ ನದಿ ನೋಡುವ ನಾನು ಯಾವ ಬಗೆ ಎಂದು ಮಗಳು ಒಮ್ಮೆ ಕೇಳಿದ್ದಾಳೆ.

ಹೋದ ವರ್ಷ ಊರಿನಲ್ಲಿ ಗುಡಿಯ ಜೀರ್ಣೋದ್ಧಾರವಾಯಿತು. ಕಾಂಕ್ರೀಟಿನ ಹೊಸ ಗೋಪುರ, ಟೈಲ್ಸ್ ಹಾಕಿದ ಕಟ್ಟೆ. ಕಮಿಟಿಯವರು ಮುಂಬಯಿಯಲ್ಲಿರುವ ನಮ್ಮ ಓಣಿಯವರಿಗೂ ಪಟ್ಟಿ ಕಳಿಸಿದರು, ಕೆಳಗೆ ಕ್ಯೂಆರ್ ಕೋಡ್. ಈಗ ಎಲ್ಲರಿಗೂ ಪ್ರವೇಶವಿದೆ, ಯಾರೂ ಏನೂ ಅನ್ನುವುದಿಲ್ಲ ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದರು. ಅಪ್ಪ 5 ಸಾವಿರ ಕೊಟ್ಟ. ಜಾತ್ರೆಗೆ ಹೋದೆವು. ನಾನು, ಹೆಂಡತಿ, ಮಗಳು ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋಗಿ ಬಂದೆವು. ಪೂಜಾರಿ ತೆಂಗಿನಕಾಯಿ ಒಡೆದುಕೊಟ್ಟರು, ಹೆಸರು ಕೇಳಲಿಲ್ಲ. ಅಪ್ಪ ಮಾತ್ರ ಕೆಳಗೇ ನಿಂತ, ಅಜ್ಜ ನಿಲ್ಲುತ್ತಿದ್ದ ಬೇವಿನ ಮರದ ಹತ್ತಿರ. ಕಮಿಟಿಯ ಹಿರಿಯರೊಬ್ಬರು ತಾವೇ ಇಳಿದು ಬಂದು “ಬರ್ರಿ, ಮ್ಯಾಲ ಬರ್ರಿ” ಎಂದು ಕೈ ಹಿಡಿದು ಕರೆದರು. “ಇಲ್ರೀ, ಮೊಳಕಾಲು ನೋಯ್ತಾವ” ಎಂದ ಅಪ್ಪ. ಕುರ್ಲಾ ಸ್ಟೇಷನ್ನಿನ ಸೇತುವೆಯನ್ನು ದಿನಕ್ಕೆ ಎರಡು ಸಲ ಹತ್ತಿ ಇಳಿದು ಪೂರ್ವದಿಂದ ಪಶ್ಚಿಮಕ್ಕೆ ಗೆಳೆಯರ ಜೊತೆ ಚಹಾ ಕುಡಿಯಲು ಹೋಗುವವನು. ಹಿರಿಯರು ಸ್ವಲ್ಪ ಹೊತ್ತು ಅಲ್ಲೇ ನಿಂತರು, ಆಮೇಲೆ ಅಪ್ಪನ ಪಕ್ಕದಲ್ಲಿ ಬೇವಿನ ಮರದ ಬೇರಿನ ಮೇಲೆ ಕೂತರು. ಇಬ್ಬರೂ ಮಳೆ ಬೆಳೆ ಮಾತಾಡಿದರು.